ಸಾಕ್ಷಿ ತುಂಡು

ಒದ್ದೆ ಕಾಗದವನ್ನು ಗಾಜಿನ ಮೇಲೆ ಅರ್ಧದವರೆಗೆ ಎಳೆದಿದ್ದಳು. ಅಷ್ಟರಲ್ಲಿ ಕಿಟಕಿಯಾಚೆಯಿಂದ ಯಾರೋ ಬೆರಳ ಗೆಣ್ಣಿನಿಂದ ತಟ್ಟಿದರು. ಅವಳು ತಲೆ ಎತ್ತಲಿಲ್ಲ. ಎಳೆತ ನಡುವೆ ನಿಂತರೆ ದ್ರಾವಣ ಅಲ್ಲೇ ಒಣಗಿ ಗೆರೆ ಕಟ್ಟುತ್ತದೆ, ಮತ್ತೆ ಮೊದಲಿನಿಂದ ಶುರು. ಆ ತುದಿಯಿಂದ ಈ ತುದಿಗೆ ಒಂದೇ ವೇಗ, ಒಂದು ಕಾಗದಕ್ಕೆ ಒಂದೇ ಎಳೆತ. ಆಮೇಲೆ ಅದು ಬುಟ್ಟಿಗೆ, ಕೈಗೆ ಹೊಸದು. ಅತ್ತೆ ಅಕ್ಕಪಕ್ಕದವರಿಗೆ ಹೇಳುವುದುಂಟು, ನಮ್ಮ ಸೊಸೆ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ ಕೊನೆಗೆ ಕನ್ನಡಿ ಒರೆಸೋ ಕೆಲಸ ಹಿಡಿದಳು ಅಂತ.

ಒರೆಸುತ್ತಿದ್ದದ್ದು ಊಟದ ಮೇಜಿನಷ್ಟು ಅಗಲದ ದುಂಡು ಗಾಜು, ಗೇಣು ದಪ್ಪ. ಇನ್ನೂ ಕನ್ನಡಿ ಆಗಿರಲಿಲ್ಲ. ಕೋಟಿಂಗ್ ಹತ್ತಿದ ಮೇಲೇ ಕನ್ನಡಿ. ಮನೆಯ ಕನ್ನಡಿಯ ಮೇಲೆ ಧೂಳಿದ್ದರೆ ಮುಖ ಮಂಕಾಗಿ ಕಾಣುತ್ತದೆ, ಅಷ್ಟೆ. ಇದರ ಮೇಲೆ ಬೀಳುವ ಲೇಸರ್ ಬೆಳಕಿಗೆ ಒಂದು ಕಣ ಸಾಕು. ಅದು ಕಾದು ಕೆಂಡವಾಗಿ, ಕೋಟಿಂಗನ್ನು ಸುಟ್ಟು, ಸುಟ್ಟ ಜಾಗ ಹರಡಿಕೊಂಡು ಹೋಗಿ ಕಡೆಗೆ ಗಾಜೇ ಬಿರಿಯುತ್ತದೆ. ಧೂಳಿಗಿಂತ ಕೆಟ್ಟದ್ದು ಬೆರಳಿನ ಜಿಡ್ಡು. ಈ ಕೋಣೆಗೆ ಬಂದ ಮೇಲೆ ಅವಳಿಗೆ ಮನುಷ್ಯರ ಬೆರಳುಗಳೆಂದರೆ ಒಂದು ಥರದ ಅಸಹ್ಯ ಹತ್ತಿಕೊಂಡಿತ್ತು. ಬಸ್ಸಿನಲ್ಲಿ ಯಾರಾದರೂ ಕನ್ನಡಕವನ್ನು ಗಾಜು ಹಿಡಿದು ತೆಗೆದರೆ ಮುಖ ಆಚೆ ತಿರುಗಿಸುತ್ತಿದ್ದಳು. ಹೊಸದಾಗಿ ಮದುವೆಯಾದಾಗ ಗಂಡ ಬೇಕೆಂದೇ ಅವಳ ಕನ್ನಡಕದ ಮೇಲೆ ಹೆಬ್ಬೆಟ್ಟು ಒತ್ತಿ ತಮಾಷೆ ನೋಡುತ್ತಿದ್ದ. ಅವನು ದೋಣಿಯ ಎಂಜಿನ್ ಮೆಕ್ಯಾನಿಕ್, ಅವನ ಹೆಬ್ಬೆಟ್ಟಿನಲ್ಲಿ ಗ್ರೀಸ್ ಇಲ್ಲದ ದಿನವೇ ಇರಲಿಲ್ಲ.

ಎಳೆತ ಮುಗಿಯಿತು. ಕೋಣೆಯ ದೀಪ ಆರಿಸಿ, ಟಾರ್ಚನ್ನು ಗಾಜಿನ ಅಂಚಿಗೆ ಹೆಚ್ಚುಕಡಿಮೆ ಮಲಗಿಸಿ ಹಿಡಿದು ನೋಡಿದಳು. ಬೆಳಕು ಹೀಗೆ ಅಡ್ಡ ಬಿದ್ದರೆ ಇದ್ದಬದ್ದ ಕಣವೆಲ್ಲ ನಕ್ಷತ್ರದ ಹಾಗೆ ಹೊಳೆಯುತ್ತದೆ. ಒಂದೂ ಹೊಳೆಯಲಿಲ್ಲ. ಆ ಕಪ್ಪು ಖಾಲಿಯನ್ನು ನೋಡಿದಾಗ ಅವಳಿಗೆ ಯಾವತ್ತೂ ಆಗುವ ಸುಖ ಈಗಲೂ ಆಯಿತು.

ಕಿಟಕಿಯ ಹೊರಗೆ ನಿರ್ದೇಶಕರು ನಿಂತಿದ್ದರು. ಅವರನ್ನು ಇಡೀ ಸಂಸ್ಥೆ ಬೆನ್ನ ಹಿಂದೆ ಬೇಗಬೇಗ ಎಂದು ಕರೆಯುತ್ತಿತ್ತು. ಯಾವ ಮಾತು ಶುರು ಮಾಡಿದರೂ ಆ ಪದದಿಂದಲೇ ಶುರು. ಲಿಫ್ಟಿನ ಗುಂಡಿಯನ್ನೂ ಅದು ಬರುವವರೆಗೆ ಒತ್ತುತ್ತಲೇ ಇರುವ ಮನುಷ್ಯ. ಈಗ ಅವರು ಮಾತಾಡುವ ಸಾಧನದ ಗುಂಡಿ ಒತ್ತಿ, ಆ ಕಡೆಯವರು ಮಾಡಿಬಿಟ್ಟರು ಮೇಡಂ, ಎಂದರು. ಆ ಕಡೆಯವರೆಂದರೆ ಇನ್ನೊಂದು ದೊಡ್ಡ ದೇಶ. ತಮ್ಮದೇ ಹಳೆಯ ಉಪಗ್ರಹಕ್ಕೆ ಕ್ಷಿಪಣಿ ಬಿಟ್ಟು ಚೂರುಚೂರು ಮಾಡಿದ್ದರಂತೆ. ಚೂರುಗಳು ಭೂಮಿಯ ಸುತ್ತ ಉಂಗುರ ಕಟ್ಟಿಕೊಂಡು ತಿರುಗುತ್ತಿವೆಯಂತೆ. ಹೇಳುವಾಗ ಅವರ ಮುಖದಲ್ಲಿ ಇದ್ದದ್ದು ಗಾಬರಿಯಲ್ಲ, ಪಕ್ಕದ ಮನೆಗೆ ತನಗಿಂತ ಮೊದಲು ಕಾರು ಬಂದದ್ದನ್ನು ಕಂಡವನ ಉರಿ. ಗಾಜು ಇವತ್ತೇ ಕೋಟಿಂಗಿಗೆ ಹೋಗಬೇಕು ಎಂದರು. ಹೋಗುತ್ತೆ ಸರ್, ಎಂದಳು.

ಈ ಕನ್ನಡಿಯ ಕೆಲಸ ಶುರುವಾದಾಗ ಹೇಳಿದ್ದೇ ಬೇರೆ. ಆಕಾಶದಲ್ಲಿ ತುಂಬಿಕೊಂಡಿರುವ ಕಸವನ್ನು ಲೇಸರ್ ಬೆಳಕಿನಿಂದ ಮೆಲ್ಲಗೆ ತಳ್ಳಿ ಕೆಳಗಿಳಿಸುವ ಯಂತ್ರ ಅದು ಎಂದಿದ್ದರು. ಆಕಾಶ ಗುಡಿಸುವ ಪೊರಕೆ. ಅವಳು ಮನಸ್ಸಿಟ್ಟು ಕೆಲಸ ಮಾಡಿದ್ದಳು. ಆಮೇಲೆ ಸಮವಸ್ತ್ರದವರು ಬರತೊಡಗಿದರು, ಮೊದಲು ಒಬ್ಬರು, ನಂತರ ಗುಂಪಾಗಿ. ಗೋಡೆಯ ಮೇಲಿನ ಚಿತ್ರದಲ್ಲಿ ಕಸದ ಚುಕ್ಕೆಗಳಿದ್ದ ಜಾಗಕ್ಕೆ ರೆಕ್ಕೆಗಳಿರುವ ಉಪಗ್ರಹ ಬಂತು. ಪೊರಕೆಯ ಮಾತು ನಿಂತಿತು, ಮತ್ತು ನಿಂತದ್ದನ್ನು ಯಾರೂ ಕೇಳಲಿಲ್ಲ. ಅವಳೂ ಕೇಳಲಿಲ್ಲ. ಕನ್ನಡಿ ಯಾವುದಾದರೂ ಕನ್ನಡಿಯೇ ಎಂದುಕೊಂಡಿದ್ದಳು.

ಗಾಜನ್ನು ತಳ್ಳುಗಾಡಿಯ ಮೇಲೆ ಪಕ್ಕದ ಕೋಣೆಗೆ ಒಯ್ದರು. ಅಲ್ಲಿದ್ದ, ಒಳಗಿನ ಗಾಳಿ ಹೀರಿ ಕೋಟಿಂಗ್ ಹತ್ತಿಸುವ ಉಕ್ಕಿನ ದೊಡ್ಡ ಪಾತ್ರೆಗೆ ಅದರ ಆಕಾರ ನೋಡಿ ಎಲ್ಲರೂ ಕುಕ್ಕರ್ ಎನ್ನುತ್ತಿದ್ದರು. ಅದನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಎಂಜಿನಿಯರ್‌ಗೆ ಕುಕ್ಕರಣ್ಣ ಎಂಬ ಹೆಸರು ತಾನಾಗಿ ಅಂಟಿಕೊಂಡಿತ್ತು. ಅವನು ದೊಡ್ಡ ಗಾಜನ್ನು ತಲೆಕೆಳಗಾಗಿ ತೂಗುಹಾಕಿ, ಅದರ ಪಕ್ಕದಲ್ಲೇ ಬಿಸ್ಕತ್ತಿನಷ್ಟು ದುಂಡನೆಯ ಒಂದು ಪುಟ್ಟ ಗಾಜನ್ನೂ ಕೂರಿಸಿದ. ಅದೇ ಸಾಕ್ಷಿ ತುಂಡು. ದೊಡ್ಡ ಕನ್ನಡಿಗೆ ಎಷ್ಟು ಶಾಖ ತಡೆಯುವ ಶಕ್ತಿ ಇದೆ ಎಂದು ನೋಡಬೇಕಾದರೆ ಸುಟ್ಟೇ ನೋಡಬೇಕು. ಸುಟ್ಟರೆ ಕನ್ನಡಿ ಎಲ್ಲಿ ಉಳಿಯಿತು? ಅದಕ್ಕೇ ಅದೇ ಪಾತ್ರೆಯಲ್ಲಿ, ಅದೇ ಹೊತ್ತಿನಲ್ಲಿ, ಅದೇ ಕೋಟಿಂಗ್ ಹತ್ತಿಸಿಕೊಂಡ ಈ ಪುಟ್ಟ ತುಂಡನ್ನು ಸುಟ್ಟು, ಅದು ತಡೆದರೆ ದೊಡ್ಡದೂ ತಡೆಯುತ್ತದೆ ಎಂದು ಒಪ್ಪಿಕೊಳ್ಳುವುದು. ಎಲ್ಲ ಕಡೆಯೂ ಇದೇ ರೂಢಿ. ದೊಡ್ಡವರ ಪರವಾಗಿ ಬೆಂಕಿಗೆ ಬೀಳೋಕೆ ಎಲ್ಲೆಲ್ಲೂ ಒಬ್ಬ ಚಿಕ್ಕವನು ಬೇಕಲ್ಲಾ ಎನ್ನುವುದು ಕುಕ್ಕರಣ್ಣನ ಹಳೆಯ ಜೋಕು. ಪ್ರತಿ ಸಲವೂ ಹೇಳುತ್ತಿದ್ದ. ಅವಳು ಪ್ರತಿ ಸಲವೂ ನಗುತ್ತಿದ್ದಳು.

ಮರುದಿನ ಸಭೆ. ಕುಕ್ಕರ್ ಒಳಗೆ ಕೋಟಿಂಗ್ ಪದರದ ಮೇಲೆ ಪದರ ಕೂರುತ್ತಿರುವಾಗಲೇ ಮೇಲಿನ ಮಹಡಿಯಲ್ಲಿ ಸಿಹಿ ಹಂಚುತ್ತಿದ್ದರು. ಇನ್ನೂ ಏನೂ ಆಗಿರಲಿಲ್ಲ. ಆದರೂ ಪರೀಕ್ಷೆಗೆ ಅಪ್ಪಣೆ ಸಿಕ್ಕಿದೆ ಎಂಬುದಕ್ಕೇ ಸಿಹಿ. ಪ್ರಚಾರ ವಿಭಾಗದವರು ಆಗಲೇ ಒಂದು ವಿಡಿಯೋ ಮಾಡಿ ತಂದಿದ್ದರು. ಡಬಡಬ ಸಂಗೀತ, ನೆಲದಿಂದ ಏಳುವ ಹಸಿರು ಗೆರೆ, ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಸ್ವಚ್ಛ ಆಯುಧ ಎಂದು. ಆ ಕಡೆಯವರ ಹಾಗೆ ನಾವು ಚೂರು ಮಾಡಿ ಗಲೀಜು ಮಾಡುವುದಿಲ್ಲ, ಬೆಳಕಿನಲ್ಲೇ ಕೆಲಸ ಮುಗಿಸುತ್ತೇವೆ ಎಂದು ನಿರ್ದೇಶಕ ಬೇಗಬೇಗ ವಿವರಿಸಿದರು. ಅವರ ಬೆರಳುಗಳಿಗೆ ಪಾಕ ಅಂಟಿತ್ತು. ನಡುನಡುವೆ ಒಂದೊಂದೇ ಬೆರಳನ್ನು ಬಾಯಿಗಿಟ್ಟು ಚೀಪಿ, ಅದೇ ಬೆರಳಿನಿಂದ ಪರದೆಯ ಮೇಲಿನ ಉಪಗ್ರಹವನ್ನು ಮುಟ್ಟಿ ತೋರಿಸುತ್ತಿದ್ದರು. ಪ್ರತಿ ಸಲವೂ ಅಲ್ಲೊಂದು ಜಿಡ್ಡಿನ ದುಂಡು ಉಳಿಯುತ್ತಿತ್ತು. ಅವಳು ನೋಡಬಾರದೆಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಗುರಿ ಯಾವುದೆಂದು ತಿಳಿದದ್ದು ಆಗ. ಹಳೆಯ ಹವಾಮಾನ ಉಪಗ್ರಹ. ನಮ್ಮದೇ, ಹಾಗಾಗಿ ಯಾರೂ ಕೇಳುವಂತಿಲ್ಲ. ನಿವೃತ್ತಿಯಾಗಿ ವರ್ಷಗಳಾದವು, ಹಾಗಾಗಿ ನಷ್ಟವೂ ಇಲ್ಲ.

ಸಮವಸ್ತ್ರದ ಅಧಿಕಾರಿ ಮೃದುವಾಗಿ ಮಾತಾಡುವವರು, ಮಕ್ಕಳಿಗೆ ಪಾಠ ಹೇಳುವ ದನಿ. ಅದರ ಕ್ಯಾಮೆರಾ ಇನ್ನೂ ಅಷ್ಟಿಷ್ಟು ಕೆಲಸ ಮಾಡುತ್ತಿರುವುದೇ ನಮಗೆ ಅನುಕೂಲ ಎಂದರು. "ಅದರ ಕಣ್ಣಿಂದಲೇ ನೋಡ್ತೀವಿ. ನಾವು ಬೆಳಕು ಬಿಡ್ತಾ ಇರೋವಾಗ ಅದು ಫೋಟೋ ಕಳಿಸ್ತಾ ಇರುತ್ತೆ. ಒಂದೊಂದು ಫೋಟೋದಲ್ಲೂ ಬಿಳಿ ಚುಕ್ಕೆ ದೊಡ್ಡದಾಗ್ತಾ ಹೋಗುತ್ತೆ. ಕೊನೇದು ಪೂರ್ತಿ ಬಿಳಿ. ಆಮೇಲೂ ಬಿಡದೆ ಹಿಡಿದರೆ ಮೈಯೆಲ್ಲ ಕಾದು ಒಳಗಿನ ಯಂತ್ರಗಳೂ ಸಾಯ್ತವೆ. ಯಾವುದು ಯಾವಾಗ ಸತ್ತಿತು ಅಂತ ಅದೇ ನಮಗೆ ಹೇಳುತ್ತೆ."

"ಪಾಪ, ಕೊನೇ ಸೆಲ್ಫಿ," ಎಂದ ಹಿಂದಿನ ಸಾಲಿನಲ್ಲಿ ಒಬ್ಬ. ಎಲ್ಲರೂ ನಕ್ಕರು. ನಗುವವರ ಬಾಯಲ್ಲಿ ಅರ್ಧ ಜಗಿದ ಸಿಹಿ ಕಾಣುತ್ತಿತ್ತು.

ಅವಳಿಗೆ ಆ ಉಪಗ್ರಹ ಗೊತ್ತಿತ್ತು, ಈ ಕೋಣೆಯಲ್ಲಿ ಬೇರೆ ಯಾರಿಗೂ ಗೊತ್ತಿಲ್ಲದ ಹಾಗೆ. ಅದಕ್ಕೆ ಕ್ಯಾಮೆರಾದ ಜೊತೆಗೆ ಇನ್ನೊಂದು ಯಂತ್ರವಿತ್ತು. ಕಡಲಲ್ಲಿ ಅಪಾಯಕ್ಕೆ ಸಿಕ್ಕಿದ ದೋಣಿಯಿಂದ ಕಿತ್ತಳೆ ಬಣ್ಣದ ಪೆಟ್ಟಿಗೆಯೊಂದು ನೀರಿಗೆ ಬಿದ್ದೊಡನೆ ತಾನೇ ರೇಡಿಯೋ ಅಲೆಯಲ್ಲಿ ಕೂಗಿಕೊಳ್ಳಲು ಶುರುಮಾಡುತ್ತದೆ. ಆ ಕೂಗನ್ನು ಮೇಲಿನಿಂದ ಕೇಳಿಸಿಕೊಂಡು ದಡಕ್ಕೆ ಹೇಳುವ ಕಿವಿ ಅದು. ಉಪಗ್ರಹಕ್ಕೆ ನಿವೃತ್ತಿ ಕೊಟ್ಟವರು ಆ ಕಿವಿಯನ್ನು ಆರಿಸಿರಲಿಲ್ಲ. ಎರಡು ವರ್ಷದ ಹಿಂದೆ ಅವಳ ಗಂಡನ ದೋಣಿ ಬಿರುಗಾಳಿಗೆ ಮಗುಚಿಕೊಂಡಾಗ ಹೊಸ ಉಪಗ್ರಹಗಳು ಭೂಮಿಯ ಆಚೆ ಮಗ್ಗುಲಿನಲ್ಲಿದ್ದವು. ಮೊದಲು ತಲೆಯ ಮೇಲೆ ಬಂದದ್ದು ಈ ಮುದಿ ಉಪಗ್ರಹವೇ. ಇನ್ನು ಸ್ವಲ್ಪ ತಡವಾಗಿದ್ದರೆ ನಿಮ್ಮವರ ಕೈ ಹಲಗೆ ಬಿಟ್ಟಿರುತ್ತಿತ್ತು ಎಂದು ರಕ್ಷಣಾ ದಳದವರು ಆಸ್ಪತ್ರೆಯಲ್ಲಿ ಹೇಳಿದ್ದರು. ಅವನ ಜೊತೆಗಿದ್ದ ಅಡುಗೆಯವನ ಕೈ ಬಿಟ್ಟಿತ್ತು.

ಅವಳು ಎದ್ದು ನಿಂತು, ಅದರ ಕಿವಿ ಇನ್ನೂ ಕೆಲಸ ಮಾಡುತ್ತಿದೆ ಎಂದಳು. ದೋಣಿಗಳ ಕೂಗು ಅದಕ್ಕೆ ಕೇಳಿಸುತ್ತದೆ.

ಬೇಗಬೇಗ ಬೆರಳು ಚೀಪುವುದನ್ನು ನಿಲ್ಲಿಸಿ, ಅದು ನಿವೃತ್ತಿ ಆಗಿದೆ ಮೇಡಂ, ಎಂದರು. ಅವಳ ಪಕ್ಕದಲ್ಲಿದ್ದ ಕುಕ್ಕರಣ್ಣ ತುಟಿ ಅಲ್ಲಾಡಿಸದೆ ಗೊಣಗಿದ, "ಇವರಿಗೂ ಮುಂದಿನ ವರ್ಷ ನಿವೃತ್ತಿ. ಯಾರಾದ್ರೂ ಬೆಂಕಿ ಹಚ್ಚಿ ನೋಡ್ಲಿ."

ಅಧಿಕಾರಿ ಅವಳ ಕಡೆ ತಿರುಗಿದರು. ಅವರಿಗೆ ಆ ಕಿವಿಯ ವಿಷಯ ಮೊದಲೇ ಗೊತ್ತಿತ್ತು ಎಂಬುದು ಮುಖದಲ್ಲೇ ಕಂಡಿತು.

"ಹೊಸವು ಇವೆಯಲ್ಲ ಮೇಡಂ. ಕೆಲವು ಸಲ ಅರ್ಧ ಗಂಟೆ ತಡ ಆಗಬಹುದು, ಅಷ್ಟೆ."

"ನೀರಲ್ಲಿ ಇರೋರಿಗೆ ಅರ್ಧ ಗಂಟೆ ಅಂದ್ರೆ..."

ಅಷ್ಟರಲ್ಲಿ ಯಾರೋ ಸಿಹಿಯ ತಟ್ಟೆಯನ್ನು ಅವಳ ಮುಂದೆ ಹಿಡಿದರು. ತೆಗೆದುಕೊಳ್ಳಿ ಮೇಡಂ, ಎಂದರು ಅಧಿಕಾರಿ, ಅದೇ ಮೃದು ದನಿಯಲ್ಲಿ. ತಟ್ಟೆ ಹಿಡಿದವರು ಕಾಯುತ್ತಿದ್ದರು, ಎಲ್ಲರೂ ಕಾಯುತ್ತಿದ್ದರು. ಅವಳು ಒಂದನ್ನು ತೆಗೆದುಕೊಂಡು ಕೂತಳು. ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ಬಸ್ಸಿನಲ್ಲಿ ಅದು ಕರಗಿ ಚೀಲದ ಒಳಗೆಲ್ಲ ಅಂಟಾಯಿತು. ಕೀಲಿ, ಬಾಚಣಿಗೆ, ಗುರುತಿನ ಚೀಟಿ, ಕೈಯಿಟ್ಟಲ್ಲೆಲ್ಲ ಅಂಟು.

ಅತ್ತೆ ಹಜಾರದ ಕುರ್ಚಿಯಲ್ಲಿ ಕಾಯುತ್ತಿದ್ದರು, ಮಡಿಲಲ್ಲಿ ಕಣ್ಣಿನ ಹನಿಯ ಸೀಸೆ. ಸಕ್ಕರೆ ಕಾಯಿಲೆ ಅವರ ಕಣ್ಣಿನ ಒಳಪರದೆಯನ್ನು ತಿನ್ನತೊಡಗಿತ್ತು. ಡಾಕ್ಟರು ಲೇಸರ್ ಬೆಳಕು ಹಾಯಿಸಿ ಅದನ್ನು ತಡೆದಿದ್ದರು. ಅಂದಿನಿಂದ ಅತ್ತೆಗೆ ಸೊಸೆಯ ಮೇಲೆ ಹೊಸ ಗೌರವ. ಆಸ್ಪತ್ರೆಯ ಬೆಂಚಿನ ಮೇಲೆ ಕೂತವರಿಗೆಲ್ಲ ಹೇಳುತ್ತಿದ್ದರು, ಈ ಲೇಸರಿಗೆ ಕನ್ನಡಿ ಮಾಡೋದು ನಮ್ಮ ಸೊಸೇನೇ. ಅದು ಬೇರೆ ಅತ್ತೆ, ಎಂದು ಒಂದೆರಡು ಸಲ ಹೇಳಿ ನೋಡಿದ್ದಳು. ಎಲ್ಲ ಲೇಸರೂ ಒಂದೇ ಕಣೇ, ಬೆಳಕೇ ತಾನೆ, ಎಂದು ಅತ್ತೆ ತಳ್ಳಿಹಾಕಿದ್ದರು. ಆಮೇಲೆ ಅವಳೂ ತಿದ್ದುವುದನ್ನು ಬಿಟ್ಟಿದ್ದಳು. ನಿಜ ಹೇಳಬೇಕೆಂದರೆ ಅದು ಕೇಳಲು ಚೆನ್ನಾಗಿಯೇ ಇತ್ತು.

ಅವಳು ಕೈ ತೊಳೆದಳು. ಅಂಟು ಹೋಗಲಿಲ್ಲ ಎನಿಸಿ ಮತ್ತೆ ತೊಳೆದಳು.

ಹನಿ ಹಾಕುವಷ್ಟರಲ್ಲಿ ಬಂದರಿನಿಂದ ಗಂಡನ ಫೋನು. ಎಂಜಿನ್ ಬಿಚ್ಚಿ ಕೂರಿಸಿ ಆಯಿತು, ಈ ವಾರವೇ ಹೊರಡುತ್ತೇವೆ, ದೂರದ ನೀರಿಗೆ, ಬರುವುದು ಎರಡು ತಿಂಗಳಾಗಬಹುದು ಎಂದ. ಅವನು ಹೊರಟ ಮೇಲೆಯೇ ಪರೀಕ್ಷೆ ಎಂಬುದು ಅವಳಿಗೆ ಗೊತ್ತಿತ್ತು. ಹೇಳುವಂತಿರಲಿಲ್ಲ. ಸಂಸ್ಥೆಯ ಗೋಡೆಯ ಒಳಗೆ ಕೇಳಿದ್ದನ್ನು ಹೊರಗೆ ಆಡಿದರೆ ಕೆಲಸ ಹೋಗುವುದು ಮಾತ್ರವಲ್ಲ, ಆಡಿದವರೇ ಜೈಲಿಗೆ ಹೋಗಬೇಕಾಗುತ್ತದೆ. ಹೇಳಿದರೂ ಅವನು ಹೋಗದೆ ಇರುತ್ತಿರಲಿಲ್ಲ. ನೆಲದ ಮೇಲೆ ಹದಿನೈದು ದಿನ ಇದ್ದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ.

"ಪೆಟ್ಟಿಗೆ ಸರಿ ಇದೆಯಾ?" ಎಂದು ಕೇಳಿದಳು.

"ಯಾವ ಪೆಟ್ಟಿಗೆ?"

"ಕಿತ್ತಳೆ ಪೆಟ್ಟಿಗೆ."

ಅವನು ನಕ್ಕ. "ನನ್ನ ಪಕ್ಕದಲ್ಲೇ ಇಟ್ಕೊಂಡು ಮಲಗ್ತೀನಿ ಮಾರಾಯ್ತಿ. ನಿನಗಿಂತ ಅದರ ಜೊತೆ ಮಲಗಿದ್ದೇ ಜಾಸ್ತಿ."

ಫೋನು ಅತ್ತೆಯ ಕೈಗೆ ಹೋಯಿತು. ಮಗ ಏನೋ ಹೇಳಿದ, ಅತ್ತೆ ಗದರಿದರು, ಆಮೇಲೆ ಇಬ್ಬರೂ ನಕ್ಕರು. ಎರಡು ವರ್ಷದ ಹಿಂದೆ ಸುದ್ದಿ ಇಲ್ಲದ ಆ ಹೊತ್ತಿನಲ್ಲಿ ಇದೇ ಕುರ್ಚಿಯಲ್ಲಿ ಅತ್ತೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹಾಕುತ್ತಾ ಕೂತಿದ್ದರು. ಮುಗಿದರೆ ಮತ್ತೆ ಈ ಡಬ್ಬಿಗೆ. ಆ ಟಕಟಕ ಸದ್ದು ಅವಳ ಕಿವಿಯಲ್ಲಿ ಇನ್ನೂ ಇತ್ತು.

ಮಾರನೆಯ ದಿನ ಅವಳು ಹೋಗುವಷ್ಟರಲ್ಲಿ ಕುಕ್ಕರ್ ಕೋಣೆಯಲ್ಲಿ ವಾಗ್ವಾದ. ಕೋಟಿಂಗ್ ಮುಗಿದಿತ್ತು. ಪಾತ್ರೆ ಒಳಗೆ ಇನ್ನೂ ಕಾದಿತ್ತು. ಅದು ತಾನಾಗಿ ಆರುವವರೆಗೆ ಗಾಳಿ ಬಿಡುವಂತಿಲ್ಲ. ಇಷ್ಟು ದೊಡ್ಡ ಗಾಜಾದರೆ ಅದಕ್ಕೆ ಎರಡು ದಿನವಾದರೂ ಬೇಕು. ಬೇಗಬೇಗ ಅಲ್ಲೇ ನಿಂತು ಈಗಲೇ ತೆಗೆಯಬೇಕೆನ್ನುತ್ತಿದ್ದರು. ಮೇಲಿನವರು ತಾರೀಕನ್ನು ಮುಂದಕ್ಕೆ ಎಳೆದಿದ್ದರಂತೆ. ಆ ಕಡೆಯವರು ಇನ್ನೊಂದು ಪರೀಕ್ಷೆ ಮಾಡುವ ಮೊದಲು ನಮ್ಮದು ಆಗಿರಬೇಕಂತೆ.

ಒಳಗಿನ ಶಾಖಮಾಪಕದ ಮೊನೆ ಸಾಕ್ಷಿ ತುಂಡಿಗೆ ತಾಗಿಕೊಂಡಿತ್ತು. ಅದು ತಣ್ಣಗಾಗಿದೆ ಎಂದು ತೋರಿಸುತ್ತಿತ್ತು. ಬೇಗಬೇಗ ಹೊರಗೆ ಕಾಣುವ ಅದರ ಅಂಕಿಯ ಮೇಲೆ ಬೆರಳಿಟ್ಟು, ಆರಿದೆಯಲ್ಲ, ಇನ್ನೇನು, ಎಂದರು.

"ಆರಿರೋದು ಚಿಕ್ಕದು ಸರ್," ಎಂದಳು ಅವಳು. "ದೊಡ್ಡದು ಗೇಣು ದಪ್ಪ ಇದೆ. ಹೊಟ್ಟೆಯೊಳಗೆ ಇನ್ನೂ ಬಿಸಿ. ಈಗ ಗಾಳಿ ಬಿಟ್ಟರೆ ಅಂಚು ಒಮ್ಮೆಗೇ ತಣ್ಣಗಾಗಿ ಬಿಗಿಯುತ್ತೆ."

"ಮೇಡಂ, ನಿಮ್ಮ ಮಾತು ಕೇಳ್ತಾ ಕೂತರೆ ಆ ಕಡೆಯವರು ಚಂದ್ರನಿಗೂ ಗುಂಡು ಹಾರಿಸಿರ್ತಾರೆ. ಸಾಕ್ಷಿ ತುಂಡು ಪಾಸಾದರೆ ಕನ್ನಡಿ ಪಾಸು. ನೀವೇ ಹೇಳಿಕೊಟ್ಟಿದ್ದು." ಆಮೇಲೆ ಕುಕ್ಕರಣ್ಣನಿಗೆ, "ತೆಗೀರಿ. ನನ್ನ ಜವಾಬ್ದಾರಿ."

ಕುಕ್ಕರಣ್ಣ ಅವಳ ಮುಖ ನೋಡಿದ. ಅವನು ಗುಂಡಿ ತಿರುಗಿಸಿದ. ಗಾಳಿ ಒಳಗೆ ನುಗ್ಗುವ ಸದ್ದು ಬಂತು, ಯಾರೋ ಹಲ್ಲಿನ ಸಂದಿಯಿಂದ ಉಸಿರೆಳೆದ ಹಾಗೆ. ಬೇಗಬೇಗ ಫೋನು ಕಿವಿಗಿಟ್ಟುಕೊಂಡು ಹೊರಟುಹೋದರು. ಅವರ ಹೆಜ್ಜೆ ದೂರವಾದ ಮೇಲೆ ಕುಕ್ಕರಣ್ಣ, ಹಬೆ ಇಳಿಯೋ ಮುಂಚೆ ಮುಚ್ಚಳ ತೆಗೀಬಾರದು ಅಂತ ಗೊತ್ತಿರಬೇಕಾದ್ರೆ ಒಂದು ದಿನವಾದ್ರೂ ಅಡುಗೆಮನೆಗೆ ಹೋಗಿರಬೇಕು, ಎಂದ. ಅವಳಿಗೆ ನಗು ಬರಲಿಲ್ಲ.

ಸಾಕ್ಷಿ ತುಂಡನ್ನು ಅವತ್ತೇ ಸುಟ್ಟು ನೋಡಿದರು. ಮೇಜಿನ ಮೇಲೆ ಅದನ್ನು ಕಚ್ಚಿಸಿ, ಲೇಸರನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋದರು. ಬೇಕಾದಷ್ಟಕ್ಕೆ ಬಂದಾಗಲೂ ಅದು ಏನೂ ಆಗದ ಹಾಗೆ ಕೂತಿತ್ತು. ಅಧಿಕಾರಿ ಚಪ್ಪಾಳೆ ತಟ್ಟಿದರು. ಕನ್ನಡಿಯನ್ನು ಮೇಡಂ ಒಮ್ಮೆ ಕಣ್ಣಲ್ಲಿ ನೋಡಿಬಿಟ್ಟರೆ ನಾಳೆ ಬೆಳಿಗ್ಗೆ ಒಯ್ಯುತ್ತೇವೆ, ಅದು ಬರೀ ಶಾಸ್ತ್ರಕ್ಕೆ, ಎಂದು ನಿರ್ದೇಶಕ ಬೇಗಬೇಗ ಎಲ್ಲರ ಮುಂದೆ ಹೇಳಿದರು.

ಮಧ್ಯಾಹ್ನದ ಮೇಲೆ ಅವಳು ಒಬ್ಬಳೇ ಕನ್ನಡಿಯ ಜೊತೆ ಉಳಿದಳು. ಟೋಪಿ, ಮುಖಕ್ಕೆ ಬಟ್ಟೆ, ಕೈಗೆ ಗ್ಲೌಸು. ದೀಪ ಆರಿಸುವ ಮುಂಚೆ ಸುಮ್ಮನೆ ನೋಡಿದಳು. ಚೆಂದವಾಗಿತ್ತು. ತೆಳು ನೇರಳೆಯೂ ಅಲ್ಲದ ಹಸಿರೂ ಅಲ್ಲದ ಹೊಳಪು, ನವಿಲುಗರಿಯ ಕಣ್ಣಿನೊಳಗಿನ ಬಣ್ಣ. ಇಷ್ಟು ದೊಡ್ಡದು ಈ ಕೋಣೆಯಲ್ಲಿ ಹಿಂದೆ ಆಗಿರಲಿಲ್ಲ. ಇದರ ತಳಕ್ಕೆ ತನ್ನ ಎಷ್ಟು ದಿನ ಹೋಗಿದೆ, ಹಬ್ಬ ಹರಿದಿನ ಬಿಟ್ಟು, ಅತ್ತೆಯ ಆಸ್ಪತ್ರೆಗೆ ಪಕ್ಕದ ಮನೆಯವರನ್ನು ಕಳಿಸಿ, ಹೆತ್ತ ಮಗುವನ್ನು ನೋಡುವ ಹಾಗೆ ಇದನ್ನು ನೋಡಿಕೊಂಡಿದ್ದೇನೆ ಎಂದು ನೆನೆದಾಗ ನಾಲಿಗೆಯ ಬುಡದಲ್ಲಿ ತುಕ್ಕಿನ ರುಚಿ ಬಂತು. ಬೇಗಬೇಗರ ಬಾಯಿ, ಆ ವಿಡಿಯೋ, ಕೊನೇ ಸೆಲ್ಫಿ ಎಂದು ನಕ್ಕವರು, ಇವೆಲ್ಲ ಅವಳಿಗೆ ಹೇಸಿಗೆ ತರಿಸಿದ್ದವು. ಆದರೆ ಅವೆಲ್ಲಕ್ಕಿಂತ ಹೇಸಿಗೆಯಾದದ್ದು ಇದು ಇಷ್ಟು ಚೆಂದವಾಗಿರುವುದು, ಮತ್ತು ಆ ಚೆಂದ ತನ್ನ ಕೈಯದು ಎಂಬುದು. ತನ್ನ ಗ್ಲೌಸು ತೊಟ್ಟ ಬೆರಳುಗಳನ್ನು ನೋಡಿಕೊಂಡಳು. ಒಂದು ಕಣ ಜಿಡ್ಡಿಲ್ಲ ಅವುಗಳಲ್ಲಿ. ಬೇಗಬೇಗರ ಪಾಕದ ಬೆರಳೇ ಇವಕ್ಕಿಂತ ವಾಸಿ ಎನಿಸಿತು. ಅದು ಅಂಟಿದ್ದು ಕಾಣುವುದಾದರೂ ಕಾಣುತ್ತಿತ್ತು.

ದೀಪ ಆರಿಸಿ ಟಾರ್ಚನ್ನು ಅಡ್ಡ ಹಿಡಿದಳು.

ನಡುವೆ ಏನೂ ಇರಲಿಲ್ಲ. ಅಂಚಿನತ್ತ ಬೆಳಕು ಸರಿದಾಗ ಕಂಡಿತು. ಕೂದಲಿಗಿಂತ ತೆಳುವಾದ ಬಿರುಕುಗಳು, ಒಂದಕ್ಕೊಂದು ಹೆಣೆದುಕೊಂಡು, ಬಿಸಿಲಿಗೆ ಆರಿದ ಕೆರೆಯ ಕೆಸರಿನ ಹಾಗೆ. ಬೆಳಕನ್ನು ಸ್ವಲ್ಪ ಎತ್ತಿದರೆ ಮಾಯ, ಇಳಿಸಿದರೆ ಮತ್ತೆ ಅಲ್ಲೇ. ಟಾರ್ಚು ಹಿಡಿದುಕೊಂಡು ಕನ್ನಡಿಯ ಸುತ್ತ ಒಂದು ಸುತ್ತು ಬಂದಳು. ಅಂಚಿನ ಉದ್ದಕ್ಕೂ ಇತ್ತು. ಅವಳು ಹೇಳಿದ ಹಾಗೆಯೇ ಆಗಿತ್ತು. ಸಾಕ್ಷಿ ತುಂಡು ಸುಳ್ಳು ಹೇಳಿರಲಿಲ್ಲ, ಅದು ತನ್ನ ಪಾಲಿನದ್ದನ್ನು ಹೇಳಿತ್ತು ಅಷ್ಟೆ.

ಪೂರ್ತಿ ಲೇಸರ್ ಬಿಟ್ಟರೆ ಈ ಬಿರುಕುಗಳೇ ಮೊದಲು ಕಾಯುತ್ತವೆ. ಕನ್ನಡಿ ಸುಡುತ್ತದೆ, ಬೆಳಕು ಮೇಲೆ ಹೋಗುವ ಮೊದಲೇ. ಲೇಸರ್ ಬಿಡುವಾಗ ಕನ್ನಡಿಯ ಕೋಣೆಯಲ್ಲಿ ಯಾರೂ ಇರುವುದಿಲ್ಲ. ಬಾಗಿಲಿಗೆ ಪೂರ್ತಿ ಬೀಗ ಬೀಳದೆ ಯಂತ್ರವೇ ಶುರುವಾಗುವುದಿಲ್ಲ. ಅದನ್ನು ಅವಳು ಮತ್ತೊಮ್ಮೆ ಮನಸ್ಸಿನಲ್ಲೇ ಬಾಗಿಲಿಂದ ಬಾಗಿಲಿಗೆ ನಡೆದು ನೋಡಿಕೊಂಡಳು. ಯಾರಿಗೂ ಏನೂ ಆಗದು, ಗಾಜಿನ ಹೊರತು.

ಈಗ ಹೇಳಿದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಕೋಟಿಂಗ್ ಕೆರೆದು ತೆಗೆದು, ಮತ್ತೆ ತೊಳೆದು, ಈ ಸಲ ನಿಧಾನವಾಗಿ ಆರಲು ಬಿಟ್ಟು, ಒಂದು ತಿಂಗಳಿನಲ್ಲಿ ಒಂದು ಬಿರುಕೂ ಇಲ್ಲದ ಕನ್ನಡಿ ತಯಾರು. ಅದನ್ನು ಮಾಡುವವಳೂ ತಾನೇ. ಗಂಡ ಆಗ ನಡುನೀರಿನಲ್ಲಿ ಇರುತ್ತಾನೆ. ಸುಟ್ಟೇ ಹೋದರೆ ಹೊಸ ಗಾಜನ್ನು ಉಜ್ಜುವುದರಿಂದ ಶುರುವಾಗಬೇಕು. ಅದಕ್ಕೆ ವರ್ಷದ ಮೇಲಾಗುತ್ತದೆ.

ಬಾಗಿಲ ಹೊರಗೆ ಕುಕ್ಕರಣ್ಣ ಬಂದು ನಿಂತು, ಹೇಗಿದೆ ಮೇಡಂ, ಎಂದ. ಅವಳು ಟಾರ್ಚು ಆರಿಸಿದಳು. ಇನ್ನೂ ನೋಡುತ್ತಿದ್ದೇನೆ ಅಣ್ಣ, ಎಂದಳು. ಅವನು ಬಾಗಿಲನ್ನು ಒಮ್ಮೆ ಮೆಲ್ಲಗೆ ತಟ್ಟಿ ಹೋದ. ಅವಳು ಕತ್ತಲಲ್ಲೇ ಕನ್ನಡಿಯ ಮೇಲೆ ಹೊದಿಕೆ ಮುಚ್ಚಿದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಇಷ್ಟು ವರ್ಷದಲ್ಲಿ ಒಂದು ಕೊಳೆ ಕನ್ನಡಿಯೂ ಅವಳ ಕೋಣೆ ದಾಟಿ ಹೋಗಿರಲಿಲ್ಲ. ಬೇರೆಯವರು ಸಾಕೆಂದ ಜಾಗದಲ್ಲಿ ಇನ್ನೊಂದು ಕಾಗದ ಎಳೆದವಳು ಅವಳು. ಆ ಬಿರುಕುಗಳು ಕಣ್ಣಮುಂದೆ ಬರುತ್ತಲೇ ಇದ್ದವು, ಮತ್ತು ಅವನ್ನು ಹಾಗೇ ಬಿಡಬೇಕೆಂದು ಯೋಚಿಸಿದೊಡನೆ ಬೆರಳುಗಳು ತಾವಾಗಿ ಚಡಪಡಿಸುತ್ತಿದ್ದವು, ಮನೆಯೆಲ್ಲ ಗುಡಿಸಿ ಮೂಲೆಯಲ್ಲಿ ಕಸ ಬಿಟ್ಟು ಬಂದ ಹಾಗೆ. ಮುಂದಿನ ಸೀಟಿನ ಹೆಂಗಸು ಕನ್ನಡಕ ತೆಗೆದು, ಗಾಜಿನ ಮೇಲೆ ಉಸಿರು ಬಿಟ್ಟು, ಹೆಬ್ಬೆಟ್ಟಿನಿಂದಲೇ ಉಜ್ಜಿ ಮತ್ತೆ ಹಾಕಿಕೊಂಡಳು. ಇವಳು ಈ ಸಲ ಮುಖ ತಿರುಗಿಸಲಿಲ್ಲ.

ಮನೆಯಲ್ಲಿ ಟೀವಿ ಹಾಕಿತ್ತು. ಅತ್ತೆಗೆ ಚಿತ್ರ ಅಷ್ಟಾಗಿ ಕಾಣುವುದಿಲ್ಲ, ಕೇಳಿಸಿಕೊಳ್ಳಲು ಹಾಕಿಕೊಳ್ಳುತ್ತಾರೆ. ಸುದ್ದಿಯವನು ನಮ್ಮ ದೇಶದ ಉತ್ತರ ಶೀಘ್ರದಲ್ಲೇ ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಅವಳು ಅದನ್ನು ಆರಿಸಿ, ಕೈ ತೊಳೆದು ಬಂದು, ಅತ್ತೆಯ ಗಲ್ಲ ಎತ್ತಿ ಹಿಡಿದಳು.

"ಅವನು ಹೊರಟ ಕಣೇ," ಎಂದರು ಅತ್ತೆ. "ಫೋನ್ ಮಾಡಿದ್ದ. ನೀನು ಕೆಲಸದಲ್ಲಿ ಇರ್ತೀಯ ಅಂತ ನನಗೇ ಹೇಳಿದ. ನಿನ್ನ ಕನ್ನಡಕದ ಮೇಲೆ ಏನೋ ಒತ್ತಿದ್ದೀನಿ, ನೋಡ್ಕೋ ಅಂತ ಹೇಳು ಅಂದ. ಹೋದ ಸಲ ಬಂದಾಗಲಂತೆ. ಏನದು?"

"ಏನಿಲ್ಲ ಅತ್ತೆ. ಅವರ ತಮಾಷೆ." ಓದುವ ಕನ್ನಡಕ ಮೇಜಿನ ಮೇಲೆ ಡಬ್ಬಿಯಲ್ಲಿತ್ತು. ಅವನು ಆ ಸಲ ಬಂದು ಹೋದ ಮೇಲೆ ಅವಳು ಅದನ್ನು ತೆರೆದೇ ಇರಲಿಲ್ಲ, ಓದಲು ಹೊತ್ತೆಲ್ಲಿತ್ತು.

"ಮೇಲೆ ನೋಡಿ," ಎಂದಳು. ಹನಿ ಬಿತ್ತು. ಅತ್ತೆಯ ರೆಪ್ಪೆ ಪಟಪಟ ಬಡಿಯಿತು. ಮುಚ್ಚಿಕೊಳ್ಳಿ, ಉಜ್ಜಬೇಡಿ ಎಂದು ಹೇಳಿ ಇನ್ನೊಂದು ಕಣ್ಣಿಗೂ ಹಾಕಿದಳು. ಅತ್ತೆ ಕಣ್ಣು ಮುಚ್ಚಿ ಕುರ್ಚಿಗೆ ಒರಗಿದರು. ಕೆನ್ನೆಯ ಮೇಲೆ ಹರಿದ ನೀರನ್ನು ಅವಳು ಹತ್ತಿಯಿಂದ ಒಂದೇ ಎಳೆತಕ್ಕೆ ಒರೆಸಿದಳು.

"ಇವತ್ತು ಒರೆಸಿ ಆಯ್ತಾ ನಿನ್ನ ಕನ್ನಡಿ?" ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ.

"ಆಯ್ತು."

"ಚೆನ್ನಾಗಿದೆಯಾ?"

ಅವಳು ಹತ್ತಿಯನ್ನು ಬುಟ್ಟಿಗೆ ಹಾಕಿ, ಸೀಸೆಯ ಮುಚ್ಚಳ ತಿರುಗಿಸಿದಳು. ನಾಳೆ ಬೆಳಿಗ್ಗೆ ಅವರೆಲ್ಲ ಕನ್ನಡಿಯ ಸುತ್ತ ನಿಂತಿರುತ್ತಾರೆ. ಅಧಿಕಾರಿ ಅದೇ ಮೃದು ದನಿಯಲ್ಲಿ ಕೇಳುತ್ತಾರೆ. ಆಗ ಸಾಕ್ಷಿ ತುಂಡು ಪಾಸಾಗಿದೆ ಎಂದಷ್ಟೇ ಹೇಳುವುದು, ಟಾರ್ಚಿನ ಮಾತು ಎತ್ತುವುದಿಲ್ಲ. ಆಮೇಲೆ ಯಾರಾದರೂ ಕೇಳಿದರೆ ಕಣ್ಣಲ್ಲಿ ನೋಡಿದವಳು ನಾನು ಎನ್ನುವುದು, ಕುಕ್ಕರಣ್ಣನ ಕಡೆ ಬೆರಳು ಹೋಗಲು ಬಿಡುವುದಿಲ್ಲ. ಆ ಹೇಸಿಗೆ ಹೋಗಿರಲಿಲ್ಲ. ಹೋಗುವುದೂ ಇಲ್ಲವೇನೋ ಎನಿಸಿತು. ಅದರ ಪಕ್ಕದಲ್ಲೇ ಈ ನಿರ್ಧಾರವೂ ಬಂದು ಕೂತಿತ್ತು, ಅಲುಗಾಡದೆ.

"ಚೆನ್ನಾಗಿದೆ ಅತ್ತೆ," ಎಂದಳು.

ಮೇಜಿನ ಮೇಲಿನ ಡಬ್ಬಿ ತೆರೆದು ಕನ್ನಡಕ ಹಾಕಿಕೊಂಡಳು. ಬಲಗಡೆಯ ಗಾಜಿನ ಮೂಲೆಯಲ್ಲಿ ಗ್ರೀಸಿನ ಹೆಬ್ಬೆಟ್ಟು, ಸುಳಿಸುಳಿಯಾಗಿ. ಒರೆಸುವ ಬಟ್ಟೆಗೆ ಕೈ ಹಾಕಲಿಲ್ಲ. ಅದರೊಳಗಿಂದಲೇ ದೀಪ ನೋಡಿದಳು, ಬೆಳಕು ಮಸುಕಾಗಿ ಹರಡಿಕೊಂಡಿತ್ತು. ಹಾಗೇ ಹಾಕಿಕೊಂಡು ಅಡುಗೆಮನೆಗೆ ಹೋಗಿ ಒಲೆ ಹಚ್ಚಿದಳು.